ದಾಳವೂ ದಿಟವೂ: ಮೇಜಿನ ಮೇಲಿನ ವ್ಯೋಮಯುದ್ಧ

ಪಗಡೆಯ ಹಾಸಿನ ಮೇಲೆ ಒಂದು ಕಾಯಿ ಇನ್ನೊಂದನ್ನು ಕಡಿದಾಗ, ನಿಜವಾದ ಯುದ್ಧದಲ್ಲಿ ಹೀಗೆ ನಡೆಯುವುದುಂಟೆ ಎಂದು ಯಾರೂ ಕೇಳುವುದಿಲ್ಲ. ಚದುರಂಗದ ಕುದುರೆ ಎರಡೂವರೆ ಮನೆ ಹಾರುವುದು ಅಶ್ವಶಾಸ್ತ್ರಕ್ಕೆ ಸಮ್ಮತವೇ ಎಂದು ತಲೆ ಕೆಡಿಸಿಕೊಂಡವರೂ ಇಲ್ಲ. ಆದರೆ ಕಳೆದ ಅರ್ಧ ಶತಮಾನದಿಂದ ಪಾಶ್ಚಾತ್ಯ ದೇಶಗಳಲ್ಲಿ ಪ್ರಚಾರದಲ್ಲಿರುವ ಒಂದು ಬಗೆಯ ಮೇಜಿನಾಟದಲ್ಲಿ ಮಾತ್ರ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಎದ್ದು, ಆಟವನ್ನೇ ನಿಲ್ಲಿಸಿ ವಾಗ್ವಾದಕ್ಕೆ ಎಡೆಮಾಡಿಕೊಡುತ್ತದೆ. ನಕ್ಷತ್ರಲೋಕದಲ್ಲಿ ಸಂಚರಿಸುವ ಎರಡು ನೌಕೆಗಳು ಪರಸ್ಪರ ಕಾದಾಡಿದರೆ ಆ ಕಾಳಗ ಹೇಗೆ ನಡೆದೀತು? ಅದನ್ನು ಒಂದು ಕಾಗದ, ಒಂದು ಅಡಿಕೋಲು, ಎರಡು ದಾಳಗಳ ಸಹಾಯದಿಂದ ತೋರಿಸಲು ಸಾಧ್ಯವೇ?

ಇದು ಪಾತ್ರಧಾರಣೆಯ ಆಟಗಳ ಪ್ರಪಂಚ. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿಯು ವೇಷವಿಲ್ಲದೆ, ರಂಗವಿಲ್ಲದೆ, ಕುಳಿತಲ್ಲಿಯೇ ಕರ್ಣನೋ ಕೃಷ್ಣನೋ ಆಗಿ ಮಾತನಾಡುವುದನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಊಹಿಸುವುದು ಕಷ್ಟವಲ್ಲ. ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು ತಲಾ ಒಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ಬಣ್ಣಿಸುತ್ತಾನೆ. ಪಾತ್ರಗಳು ಏನು ಮಾಡಬೇಕೆಂಬುದನ್ನು ಆಟಗಾರರು ನಿರ್ಧರಿಸುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳಗಳು ತೀರ್ಮಾನಿಸುತ್ತವೆ. ಗೆದ್ದವರು ಸೋತವರು ಎಂಬ ಭೇದ ಇಲ್ಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ಮೂಲಪುರುಷ. ಅದರಲ್ಲಿದ್ದುದು ಮಂತ್ರವಾದಿಗಳು, ಕತ್ತಿವೀರರು, ಬೆಂಕಿಯುಗುಳುವ ಘಟಸರ್ಪಗಳು. ಮೂರು ವರ್ಷಗಳ ಅನಂತರ, 1977ರಲ್ಲಿ, ಇಲಿನಾಯ್ ಸಂಸ್ಥಾನದ ನಾರ್ಮಲ್ ಎಂಬ ಪಟ್ಟಣದ ಗೇಮ್ ಡಿಸೈನರ್ಸ್ ವರ್ಕ್‌ಷಾಪ್ ಸಂಸ್ಥೆಯು ಮೂರು ಪುಟ್ಟ ಕಪ್ಪು ಪುಸ್ತಿಕೆಗಳಿದ್ದ ಒಂದು ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. ಹೆಸರು ‘ಟ್ರಾವೆಲರ್’, ಕರ್ತೃ ಮಾರ್ಕ್ ಮಿಲ್ಲರ್. ಎರಡನೆಯ ಪುಸ್ತಿಕೆ ವ್ಯೋಮನೌಕೆಗಳಿಗೇ ಮೀಸಲು. ಈ ಲೇಖನದ ಕಥೆ ಹೆಚ್ಚಾಗಿ ಆ ಪುಸ್ತಿಕೆಯ ಸುತ್ತಲೇ ತಿರುಗುತ್ತದೆ.

ತೆರೆಯ ಮೇಲಿನ ಹಡಗುಗಳು

ಅದೇ 1977ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರವೂ ತೆರೆಕಂಡಿತು. ಅದರ ಪುಟ್ಟ ಯುದ್ಧನೌಕೆಗಳು ಹದ್ದುಗಳಂತೆ ಎರಗುತ್ತವೆ, ಓರೆಯಾಗಿ ಬಾಗಿ ತಿರುಗುತ್ತವೆ, ಶತ್ರುವಿನ ಬೆನ್ನು ಹಿಡಿಯುತ್ತವೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಚಿತ್ರದ ವಿಶೇಷ ದೃಶ್ಯಗಳು ಸಿದ್ಧವಾಗುವ ಮುನ್ನ ನಿರ್ದೇಶಕ ಜಾರ್ಜ್ ಲೂಕಾಸ್ ಎರಡನೆಯ ಮಹಾಯುದ್ಧದ ವಿಮಾನ ಕಾಳಗಗಳ ತುಣುಕುಗಳನ್ನು ಆಯಾ ಸ್ಥಳಗಳಲ್ಲಿ ಜೋಡಿಸಿಟ್ಟುಕೊಂಡು, ಅವುಗಳ ಜಾಡಿನಲ್ಲಿಯೇ ಕಾಳಗವನ್ನು ರೂಪಿಸಿದ್ದನು. ಅದಕ್ಕೂ ಮುಂಚೆ, 1966ರಲ್ಲಿ, ‘ಸ್ಟಾರ್ ಟ್ರೆಕ್’ ದೂರದರ್ಶನ ಮಾಲಿಕೆಯ ಒಂದು ಪ್ರಸಿದ್ಧ ಕಂತು ಜಲಾಂತರ್ಗಾಮಿಗಳ ಬೇಟೆಯ ಕಥೆಯುಳ್ಳ 1957ರ ಚಿತ್ರವೊಂದರ ಮಾದರಿಯಲ್ಲಿ ಹುಟ್ಟಿತು. ಒಂದು ಕಡೆ ವಿಮಾನ, ಇನ್ನೊಂದು ಕಡೆ ಜಲಾಂತರ್ಗಾಮಿ. ನಕ್ಷತ್ರಲೋಕದ ಯುದ್ಧವನ್ನು ಮನುಷ್ಯನು ಕಲ್ಪಿಸಿಕೊಂಡದ್ದು ತಾನು ಕಂಡ ಯುದ್ಧಗಳ ಮೂಲಕವೇ.

ಆದರೆ ವಿಮಾನಕ್ಕೆ ಗಾಳಿಯ ಆಸರೆಯುಂಟು, ಹಡಗಿಗೆ ನೀರಿನ ಆಸರೆಯುಂಟು. ಬಾಗಿದ ರೆಕ್ಕೆಯನ್ನು ಗಾಳಿ ತಳ್ಳುವುದರಿಂದಲೇ ವಿಮಾನ ತಿರುಗುತ್ತದೆ. ಯಂತ್ರ ನಿಂತರೆ ನೀರಿನ ತಡೆಯಿಂದಲೇ ಹಡಗು ನಿಧಾನಿಸುತ್ತದೆ. ವ್ಯೋಮದಲ್ಲಿ ತಳ್ಳುವುದಕ್ಕೂ ಏನಿಲ್ಲ, ತಡೆಯುವುದಕ್ಕೂ ಏನಿಲ್ಲ. ಒಮ್ಮೆ ವೇಗ ಪಡೆದ ವಸ್ತು, ಯಾವ ಬಲವೂ ಅಡ್ಡಬಾರದಿದ್ದರೆ, ಅದೇ ದಿಕ್ಕಿನಲ್ಲಿ ಅದೇ ವೇಗದಿಂದ ಸಾಗುತ್ತಲೇ ಇರುತ್ತದೆ ಎಂಬ ನ್ಯೂಟನ್ನನ ಮೊದಲ ನಿಯಮ ಭೂಮಿಯ ಮೇಲೆ ಪಠ್ಯಪುಸ್ತಕದ ಮಾತು. ಅಲ್ಲಿ ಅದು ನಿತ್ಯಜೀವನ. ಮೂತಿಯನ್ನು ಎತ್ತ ತಿರುಗಿಸಿದರೂ ನೌಕೆ ಸಾಗುವುದು ಮೊದಲಿನ ದಾರಿಯಲ್ಲಿಯೇ.

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಕುಳಿತಿದ್ದ ಇಸ್ರೋ ವಿಜ್ಞಾನಿಗಳು ಮಂಗಳಯಾನ ನೌಕೆಯನ್ನು ಕಾಯುತ್ತಿದ್ದುದು ಇದೇ ಸಂಕಟದಲ್ಲಿ. ಮಂಗಳನ ಬಳಿ ಸಾರಿದ ನೌಕೆ ತಾನಾಗಿ ನಿಧಾನಿಸದು. ಆದುದರಿಂದ ಅದು ತನ್ನ ಎಂಜಿನ್ನನ್ನು ತಾನು ಸಾಗುತ್ತಿದ್ದ ದಿಕ್ಕಿಗೆ ತಿರುಗಿಸಿಕೊಂಡು, ಸುಮಾರು 24 ನಿಮಿಷಗಳ ಕಾಲ ಮುಂದಕ್ಕೆ ಬೆಂಕಿಯುಗುಳಿ, ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ವೇಗವನ್ನು ಕಳೆದುಕೊಳ್ಳಬೇಕಾಯಿತು. ಕಳೆದುಕೊಳ್ಳದೆ ಹೋಗಿದ್ದರೆ ಮಂಗಳನನ್ನು ದಾಟಿ ಹೊರಟೇ ಹೋಗುತ್ತಿತ್ತು. ಸಂಕೇತ ಭೂಮಿಗೆ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿದ್ದುದರಿಂದ ಏನಾಯಿತೆಂಬುದು ಆದ ಮೇಲಷ್ಟೇ ತಿಳಿಯುವಂತಿತ್ತು.

ಅಡಿಕೋಲಿನ ಭೌತಶಾಸ್ತ್ರ

ಈ ಸತ್ಯವನ್ನು ಆಟದ ಮೇಜಿಗೆ ತಂದವರಲ್ಲಿ ಮಿಲ್ಲರ್ ಮತ್ತು ಆತನ ಸಂಗಡಿಗರು ಮುಖ್ಯರು. ಮಿಲ್ಲರ್ ಮತ್ತು ಜಾನ್ ಹಾರ್ಶ್‌ಮನ್ ಕೂಡಿ 1973ರಲ್ಲಿ ರಚಿಸಿದ ‘ಟ್ರೈಪ್ಲಾನೆಟರಿ’ ಎಂಬ ಆಟದಲ್ಲಿ ಸೌರವ್ಯೂಹದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ನೌಕೆ ಚಲಿಸಿದ ದೂರ ದಿಕ್ಕುಗಳನ್ನು ಮೇಣದ ಪೆನ್ಸಿಲಿನಿಂದ ಗೆರೆಯಾಗಿ ಎಳೆಯುತ್ತಿದ್ದರು. ಮುಂದಿನ ಸರದಿಯಲ್ಲಿ ಎಂಜಿನ್ ಉರಿಸದಿದ್ದರೆ ಅದೇ ಉದ್ದದ, ಅದೇ ದಿಕ್ಕಿನ ಗೆರೆಯನ್ನು ಮತ್ತೊಮ್ಮೆ ಎಳೆಯಬೇಕು. ಗಣಿತದಲ್ಲಿ ಸದಿಶವೆಂದು ಕರೆಯುವುದು ಇದನ್ನೇ.

‘ಟ್ರಾವೆಲರ್’ ಆಟದ 1981ರ ಪರಿಷ್ಕೃತ ಆವೃತ್ತಿಯಲ್ಲಿ ಈ ಲೆಕ್ಕ ಎಷ್ಟು ಅಚ್ಚುಕಟ್ಟಾಗಿದೆಯೆಂಬುದನ್ನು ನೋಡಬಹುದು. ಒಂದು ಸರದಿಯೆಂದರೆ 1,000 ಸೆಕೆಂಡುಗಳು. ಮೇಜಿನ ಮೇಲಿನ ಒಂದು ಮಿಲಿಮೀಟರ್ ಎಂದರೆ ವ್ಯೋಮದಲ್ಲಿ 100 ಕಿಲೋಮೀಟರ್. ಭೂಮಿಯ ಗುರುತ್ವದಷ್ಟೇ ಬಲದಿಂದ ಎಂಜಿನ್ ನೌಕೆಯನ್ನು ತಳ್ಳಿದರೆ ಪ್ರತಿ ಸೆಕೆಂಡಿಗೆ ಅದರ ವೇಗ ಸುಮಾರು 10 ಮೀಟರಿನಷ್ಟು ಏರುತ್ತದೆ. ಸಾವಿರ ಸೆಕೆಂಡಿನಲ್ಲಿ ಸೆಕೆಂಡಿಗೆ 10 ಕಿಲೋಮೀಟರ್. ಆ ವೇಗದಿಂದ ಒಂದು ಸರದಿಯಲ್ಲಿ 10,000 ಕಿಲೋಮೀಟರ್ ಸಾಗಬಹುದು. ಮೇಜಿನ ಮೇಲೆ ಅದು 100 ಮಿಲಿಮೀಟರ್. ಶಾಲೆಯ ಹುಡುಗನ ಅಡಿಕೋಲೊಂದಿದ್ದರೆ ಸಾಕು, ಗುಣಾಕಾರ ಭಾಗಾಕಾರಗಳ ಗೊಡವೆಯೇ ಇಲ್ಲ!

ಅಂಥ ನೌಕೆಯೊಂದು ಶತ್ರುವಿನತ್ತ ಮೂರು ಸರದಿ ಎಂಜಿನ್ ಉರಿಸಿತೆನ್ನೋಣ. ಮೊದಲು 100, ಆಮೇಲೆ 200, ಆಮೇಲೆ 300 ಮಿಲಿಮೀಟರ್ ಸಾಗುತ್ತದೆ. ಈಗ ಶತ್ರು ಪಕ್ಕದಲ್ಲಿಯೇ ಇದ್ದಾನೆ, ನಿಲ್ಲಬೇಕು. ಎಂಜಿನ್ನನ್ನು ಹಿಮ್ಮುಖವಾಗಿ ಉರಿಸಿದರೆ ಮುಂದಿನ ಸರದಿಯಲ್ಲಿ 200, ಅದರ ಮುಂದೆ 100, ಆಮೇಲಷ್ಟೆ ಸೊನ್ನೆ. ನಿಲ್ಲುವ ಹೊತ್ತಿಗೆ ಶತ್ರುವನ್ನು ದಾಟಿ 30,000 ಕಿಲೋಮೀಟರ್ ಆಚೆ ಹೋಗಿರುತ್ತದೆ. ವೀರಾವೇಶದಿಂದ ನುಗ್ಗುವ ಹೊಸ ಆಟಗಾರನು ಮೊದಲ ಕಾಳಗದಲ್ಲಿ ಕಲಿಯುವ ಪಾಠ ಇದು: ಬೆನ್ನಟ್ಟುವುದಕ್ಕಿಂತ ನಿಲ್ಲುವುದು ಕಠಿನ. ಪ್ರಯಾಣದ ಅರ್ಧ ದಾರಿ ಮುಂದಕ್ಕೆ ತಳ್ಳಿ, ಉಳಿದರ್ಧ ದಾರಿ ಹಿಂದಕ್ಕೆ ತಳ್ಳಬೇಕೆಂಬ ಸೂತ್ರವನ್ನೂ ಪುಸ್ತಿಕೆ ಕೊಡುತ್ತದೆ. ಅದರಂತೆ ಲೆಕ್ಕ ಹಾಕಿದರೆ ಭೂಮಿಯಿಂದ ಚಂದ್ರನಿಗೆ ಸುಮಾರು ಮೂರೂವರೆ ಗಂಟೆಯ ಹಾದಿ. 1969ರಲ್ಲಿ ಅಪೊಲೊ 11ಕ್ಕೆ ಚಂದ್ರನ ಕಕ್ಷೆ ಸೇರಲು ಮೂರು ದಿನಗಳಿಗೂ ಮಿಕ್ಕಿ ಹಿಡಿದಿತ್ತು.

ಬಚ್ಚಿಟ್ಟ ಸುಳ್ಳು

ಈ ವ್ಯತ್ಯಾಸದಲ್ಲಿಯೇ ಆಟದ ಗುಟ್ಟೊಂದು ಅಡಗಿದೆ. ಇಂದಿನ ರಾಕೆಟ್ಟುಗಳು ಕೆಲವೇ ನಿಮಿಷ ಉರಿದು ಉಳಿದ ದಾರಿಯನ್ನು ತೇಲುತ್ತ ಕಳೆಯುತ್ತವೆ. ಗಂಟೆಗಟ್ಟಲೆ ಉರಿಸಲು ಇಂಧನವೆಲ್ಲಿಂದ ಬರಬೇಕು? ರಷ್ಯದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿಯೇ ಪ್ರಕಟಿಸಿದ ಸಮೀಕರಣದ ಪ್ರಕಾರ, ಈಗಿನ ಅತ್ಯುತ್ತಮ ರಾಸಾಯನಿಕ ಇಂಧನದಿಂದ ಸೆಕೆಂಡಿಗೆ 10 ಕಿಲೋಮೀಟರ್ ವೇಗ ಪಡೆಯಬೇಕಾದರೆ ನೌಕೆಯ ಒಟ್ಟು ತೂಕದ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಇಂಧನವೇ ಆಗಿರಬೇಕು. ಅಷ್ಟೂ ಸುಟ್ಟಾಗ ಆಟದಲ್ಲಿ ಕಳೆಯುವುದು ಒಂದೇ ಸರದಿ. ನಿಲ್ಲುವುದಕ್ಕೆ ಇನ್ನೊಂದು ಸರದಿಯ ಇಂಧನ ಬೇಕಷ್ಟೆ! ಆಟದ ಎಂಜಿನ್ ಈ ಬಾಧೆಯನ್ನು ಸದ್ದಿಲ್ಲದೆ ದಾಟಿಬಿಡುತ್ತದೆ. ನಕ್ಷತ್ರದಿಂದ ನಕ್ಷತ್ರಕ್ಕೆ ಸುಮಾರು ಒಂದು ವಾರದಲ್ಲಿ ನೆಗೆಯುವ ಯಂತ್ರವಂತೂ ಶುದ್ಧ ಕಲ್ಪನೆ. ನ್ಯೂಟನ್ನನಿಗೆ ನಿಷ್ಠವಾಗಿರುವ ನಿಯಮ ತ್ಸಿಯೋಲ್ಕೋವ್‌ಸ್ಕಿಯ ಎದುರು ಕಣ್ಣು ಮುಚ್ಚಿಕೊಳ್ಳುತ್ತದೆ. ಕಣ್ಣು ಮುಚ್ಚಿಕೊಳ್ಳದಿದ್ದರೆ ಆಟವೇ ಇಲ್ಲ.

ಅಡಗುವ ವಿಷಯವೂ ಹೀಗೆಯೇ. ಎಂಜಿನ್ ಆರಿಸಿ, ರೇಡಾರ್ ಮುಚ್ಚಿ ತೆಪ್ಪಗಿರುವ ನೌಕೆಯನ್ನು ಪತ್ತೆಹಚ್ಚಬಹುದಾದ ದೂರ ಅರ್ಧಕ್ಕೆ ಇಳಿಯುತ್ತದೆಂದು ‘ಟ್ರಾವೆಲರ್’ ಹೇಳುತ್ತದೆ. ಹೊಂಚುಹಾಕುವ ಕಥೆಗೆ ಇದು ಅನುಕೂಲ. ಆದರೆ ಭೌತಶಾಸ್ತ್ರಜ್ಞರು ತಲೆಯಾಡಿಸುತ್ತಾರೆ. ವ್ಯೋಮದ ಹಿನ್ನೆಲೆಯ ಉಷ್ಣತೆ ಸೊನ್ನೆಗಿಂತ ಸುಮಾರು 270 ಡಿಗ್ರಿ ಕೆಳಗೆ. ಮನುಷ್ಯರು ಬದುಕಿರುವ ನೌಕೆಯೊಳಗೆ ಕೋಣೆಯ ಬಿಸಿ ಇರಲೇಬೇಕು. ಅಂಥ ನೌಕೆ ಅಮಾವಾಸ್ಯೆಯ ರಾತ್ರಿ ಬಯಲಿನಲ್ಲಿ ಹಚ್ಚಿಟ್ಟ ಕಂದೀಲಿನಂತೆ. 1977ರಲ್ಲಿಯೇ ಉಡಾಯಿಸಿದ ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದರ ಪ್ರೇಷಕದ ಶಕ್ತಿ ಸುಮಾರು 20 ವ್ಯಾಟ್, ಮನೆಯ ಒಂದು ಸಣ್ಣ ದೀಪದಷ್ಟು. ಅದು ಅಡಗಿ ಕುಳಿತಿಲ್ಲ, ಭೂಮಿಯತ್ತ ಮುಖಮಾಡಿಯೇ ಮಾತನಾಡುತ್ತಿದೆ ಎಂಬುದು ದಿಟ. ಆದರೂ ಅಷ್ಟು ದೂರದ ಅಷ್ಟು ಕ್ಷೀಣವಾದ ದನಿಯನ್ನು ಹಿಡಿಯಬಲ್ಲ ಕಿವಿಗಳಿಗೆ, ಕೋಟಿಗಟ್ಟಲೆ ವ್ಯಾಟ್ ಉಗುಳುವ ಯುದ್ಧನೌಕೆ ಮರೆಯಾಗಿ ಉಳಿದೀತೆ?

ಬಿಸಿಯ ತಾಪತ್ರಯ ಅಲ್ಲಿಗೇ ಮುಗಿಯುವುದಿಲ್ಲ. ಥರ್ಮಾಸ್ ಫ್ಲಾಸ್ಕಿನಲ್ಲಿ ಕಾಫಿ ಬಿಸಿಯಾಗಿಯೇ ಉಳಿಯುವುದು ಅದರ ಎರಡು ಗೋಡೆಗಳ ನಡುವಣ ನಿರ್ವಾತದಿಂದ. ವ್ಯೋಮನೌಕೆಯ ಸುತ್ತ ಇರುವುದೂ ಅದೇ ನಿರ್ವಾತ. ಲೇಸರ್ ಹಾರಿಸಿದಷ್ಟೂ, ಎಂಜಿನ್ ಉರಿಸಿದಷ್ಟೂ ಒಳಗಿನವರು ಬೇಯುತ್ತಾರೆ. ಬಿಸಿಯನ್ನು ವಿಕಿರಣದ ಮೂಲಕ ಹೊರಹಾಕಲು ಅಗಲವಾದ ಹಲಗೆಗಳನ್ನು ಚಾಚಬೇಕು. ಅಂತಾರಾಷ್ಟ್ರೀಯ ವ್ಯೋಮನಿಲ್ದಾಣದಲ್ಲಿ ಅಮೋನಿಯ ಹರಿಯುವ ಅಂಥ ಹಲಗೆಗಳೇ ಇವೆ. 2004ರಲ್ಲಿ ಕೆನ್ ಬರ್ನ್‌ಸೈಡ್ ರಚಿಸಿದ ‘ಅಟ್ಯಾಕ್ ವೆಕ್ಟರ್: ಟ್ಯಾಕ್ಟಿಕಲ್’ ಎಂಬ ಕಾಳಗದ ಆಟ ಈ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಚಲನೆಯನ್ನು ಮೇಜಿನ ಸಮತಲಕ್ಕೆ ಬಿಡದೆ ಎತ್ತರವನ್ನೂ ಸೇರಿಸಿ ಮೂರು ಆಯಾಮಗಳಲ್ಲಿ ತೋರಿಸುತ್ತದೆ. ಸತ್ಯಕ್ಕೆ ಇಷ್ಟು ಸಮೀಪ ಬಂದ ಆಟಗಳು ವಿರಳ. ಆದರೆ ಸತ್ಯಕ್ಕೆ ತೆರುವ ಬೆಲೆ ತಾಳ್ಮೆ. ಪ್ರತಿಯೊಂದು ಸರದಿಗೂ ಬರೆಯಬೇಕಾದ ಲೆಕ್ಕ ಹೆಚ್ಚುತ್ತದೆ, ಗಡಿಯಾರದ ಮುಳ್ಳು ಮಾತ್ರ ಕಾಯುವುದಿಲ್ಲ.

ಒಂದೇ ದೋಣಿಯ ಐವರು

ಬರ್ನ್‌ಸೈಡನ ಆಟ ಯುದ್ಧಾಭ್ಯಾಸಿಗಳಿಗಾಗಿ ರಚಿತವಾದದ್ದು. ಅಲ್ಲಿ ಎದುರುಬದುರಾಗಿ ಕುಳಿತ ಇಬ್ಬರು ತಮ್ಮ ತಮ್ಮ ನೌಕೆಗಳನ್ನು ನಡೆಸುತ್ತಾರೆ. ಪಾತ್ರಧಾರಣೆಯ ಆಟದ ಕಷ್ಟ ಬೇರೆ. ಅಲ್ಲಿ ಐದು ಮಂದಿ ಸೇರಿ ಒಂದೇ ನೌಕೆಯಲ್ಲಿದ್ದಾರೆ. ಚಾಲಕನಿಗೆ ಕೆಲಸವಿದೆ, ಗೋಲಂದಾಜನಿಗೆ ಕೆಲಸವಿದೆ. ವೈದ್ಯೆ ಏನು ಮಾಡಬೇಕು? ಭಾಷಾಪಂಡಿತ ಏನು ಮಾಡಬೇಕು? ಎರಡು ಗಂಟೆ ನಡೆಯುವ ಕಾಳಗದಲ್ಲಿ ಮೂವರು ಕೈಕಟ್ಟಿ ಕುಳಿತರೆ, ಸದಿಶಗಳ ಗೆರೆ ಎಷ್ಟು ನೇರವಾಗಿದ್ದರೇನು? ಇನ್ನೂ ದೊಡ್ಡ ಪೇಚು ಎಂದರೆ, ಕತ್ತಿಕಾಳಗದಲ್ಲಿ ಒಬ್ಬ ಸತ್ತರೆ ನಾಲ್ವರು ಉಳಿಯುತ್ತಾರೆ. ವ್ಯೋಮದಲ್ಲಿ ನೌಕೆ ಸಿಡಿದರೆ ತಿಂಗಳುಗಟ್ಟಲೆ ಬೆಳೆಸಿದ ಕಥೆಯೆಲ್ಲ ಒಂದೇ ದಾಳದ ಎಸೆತಕ್ಕೆ ಮುಕ್ತಾಯ. ಅದು ವಾಸ್ತವವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮರುವಾರ ಆಟಕ್ಕೆ ಯಾರು ಬಂದಾರು?

ಇದಕ್ಕೆ ಒಬ್ಬೊಬ್ಬರು ಒಂದೊಂದು ಮದ್ದು ಕಂಡುಕೊಂಡರು. 1980ರ ದಶಕದ ಆರಂಭದಲ್ಲಿ ಫಾಸಾ ಸಂಸ್ಥೆ ಹೊರತಂದ ‘ಸ್ಟಾರ್ ಟ್ರೆಕ್’ ಆಟದಲ್ಲಿ ಪ್ರತಿಯೊಬ್ಬ ಅಧಿಕಾರಿಗೂ ಒಂದೊಂದು ಫಲಕವಿತ್ತು. ಎಂಜಿನಿಯರನು ಇರುವ ಶಕ್ತಿಯನ್ನು ಎಂಜಿನ್ನು, ಆಯುಧ, ರಕ್ಷಾಕವಚಗಳಿಗೆ ಹಂಚಬೇಕು; ಕಪ್ತಾನನು ಎಲ್ಲರ ಬೇಡಿಕೆಗಳ ನಡುವೆ ತೀರ್ಮಾನಿಸಬೇಕು. ಭೌತಶಾಸ್ತ್ರದ ದೃಷ್ಟಿಯಿಂದ ಆ ನೌಕೆಗಳು ‘ಟ್ರಾವೆಲರ್’ ನೌಕೆಗಳಿಗೆ ಸಾಟಿಯಲ್ಲ. ಆದರೆ ಹಡಗಿನ ಮೇಲಟ್ಟದಲ್ಲಿ ನಡೆಯುವ ಕೂಗಾಟ, ಆತಂಕ, ಒಗ್ಗಟ್ಟು ಹೆಚ್ಚು ದಿಟವಾಗಿತ್ತು. ಸ್ವತಃ ‘ಟ್ರಾವೆಲರ್’ ಕೂಡ ದೊಡ್ಡ ನೌಕಾಪಡೆಗಳ ಯುದ್ಧಕ್ಕಾಗಿ ಬರೆದ ‘ಹೈ ಗಾರ್ಡ್’ ಪುಸ್ತಿಕೆಯ 1980ರ ಆವೃತ್ತಿಯಲ್ಲಿ ಅಡಿಕೋಲು, ನಕ್ಷೆ ಎರಡನ್ನೂ ಕೈಬಿಟ್ಟು, ಮುಂಚೂಣಿಯಲ್ಲಿರುವ ನೌಕೆಗಳು, ಹಿಂದೆ ಕಾಯ್ದಿರಿಸಿದ ನೌಕೆಗಳು ಎಂಬ ಎರಡೇ ಸಾಲುಗಳಿಗೆ ಕಾಳಗವನ್ನು ಇಳಿಸಿತು. ಮೂರು ವರ್ಷಗಳ ಹಿಂದೆ ಎದೆಗಪ್ಪಿಕೊಂಡಿದ್ದ ಸದಿಶಗಳನ್ನು ಅವರೇ ಪಕ್ಕಕ್ಕಿಟ್ಟರು!

ಕಂತಿನ ಸಾಲ

ಹಾಗಾದರೆ ‘ಟ್ರಾವೆಲರ್’ ಇಂದಿಗೂ ವಾಸ್ತವಿಕವೆನಿಸುವುದು ಏಕೆ? ಉತ್ತರ ಅದೇ ಎರಡನೆಯ ಪುಸ್ತಿಕೆಯಲ್ಲಿ, ಆದರೆ ಕಾಳಗದ ಪುಟಗಳಿಂದ ದೂರ, ಹಣಕಾಸಿನ ಪುಟಗಳಲ್ಲಿದೆ.

ಈ ಆಟದ ನಾಯಕರು ಸಾಮಾನ್ಯವಾಗಿ ಸೇನಾಪತಿಗಳಲ್ಲ, ಸಣ್ಣ ವರ್ತಕರು. ಅವರ ಮಾಮೂಲು ಹಡಗು ಸರಕು ಸಾಗಿಸುವ ವರ್ತಕ ನೌಕೆ. ಬೆಲೆ ಆಟದ ನಾಣ್ಯದಲ್ಲಿ 3 ಕೋಟಿ 70 ಲಕ್ಷ 80 ಸಾವಿರ. ಅಷ್ಟು ಹಣ ಯಾರ ಕೈಯಲ್ಲಿದೆ? ಐದರಲ್ಲಿ ಒಂದು ಪಾಲನ್ನು ಮುಂಗಡವಾಗಿ ಕಟ್ಟಿ, ಉಳಿದುದಕ್ಕೆ ಬ್ಯಾಂಕಿನ ಸಾಲ ಮಾಡಬೇಕು. ತಿಂಗಳ ಕಂತು ಬೆಲೆಯ 240ರಲ್ಲಿ ಒಂದು ಭಾಗ, ಎಂದರೆ 1,54,500. ಕಟ್ಟಬೇಕಾದ ಕಂತುಗಳು 480, ನಲವತ್ತು ವರ್ಷ! ಮುಂಗಡವೂ ಸೇರಿ ಕೊನೆಗೆ ತೆರುವುದು ಮೂಲಬೆಲೆಯ ಎರಡು ಪಟ್ಟಿಗೂ ಹೆಚ್ಚು. ಮನೆ ಕಟ್ಟಿಸಿ ಕಂತು ಕಟ್ಟುತ್ತಿರುವ ಯಾವ ಗೃಹಸ್ಥನಿಗೂ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಇದರ ಮೇಲೆ ಇಂಧನ, ಸಿಬ್ಬಂದಿಯ ಸಂಬಳ, ಬಂದರಿನ ಶುಲ್ಕ, ವರ್ಷಕ್ಕೊಮ್ಮೆ ದುರಸ್ತಿ.

ಈಗ ಕಾಳಗಕ್ಕೆ ಹಿಂದಿರುಗೋಣ. ವ್ಯೋಮದ ಕಡಲ್ಗಳ್ಳರು ಅಡ್ಡಗಟ್ಟಿದ್ದಾರೆ. ಆಯುಧವಿದೆ, ಗೋಲಂದಾಜನೂ ಸಮರ್ಥ. ಆದರೆ ಎದುರಾಳಿಯ ಒಂದು ಕಿರಣ ತಗುಲಿದರೆ ದಾಳದ ಬೀಳಿಗೆ ತಕ್ಕಂತೆ ಎಂಜಿನ್ನೋ, ಇಂಧನದ ತೊಟ್ಟಿಯೋ, ಸರಕಿನ ಕೋಣೆಯೋ ಕೆಡುತ್ತದೆ. ಸರಕು ಹೋದರೆ ಈ ತಿಂಗಳ ಕಂತಿಲ್ಲ. ಎಂಜಿನ್ ಹೋದರೆ ಮುಂದಿನ ತಿಂಗಳದೂ ಇಲ್ಲ. ಗೆದ್ದರೂ ದಿವಾಳಿಯಾಗಬಹುದು. ಆಗ ಮೇಜಿನ ಸುತ್ತಲ ಮಾತಿನ ಧಾಟಿಯೇ ಬದಲಾಗುತ್ತದೆ. ಓಡಿಹೋಗೋಣವೇ? ಅರ್ಧ ಸರಕನ್ನು ಒಪ್ಪಿಸಿ ಜೀವ ಉಳಿಸಿಕೊಳ್ಳೋಣವೇ? ಗಳ್ಳರ ನೌಕೆಗೂ ಖರ್ಚಿದೆಯಲ್ಲ, ಬೆದರಿಸಿ ನೋಡೋಣವೇ? ವೈದ್ಯೆಗೂ ಭಾಷಾಪಂಡಿತನಿಗೂ ಈಗ ಹೇಳುವ ಮಾತಿದೆ, ಏಕೆಂದರೆ ನಷ್ಟ ಐವರದೂ. ನಿಜವಾದ ಸಮುದ್ರದಲ್ಲಿಯೂ ಸರಕುಹಡಗಿನ ಕಪ್ತಾನನು ಯೋಚಿಸುವುದು ಹೀಗೆಯೇ. ಆ ಪೆಟ್ಟಿಗೆಯ ಮುಖಚಿತ್ರದಲ್ಲಿ ಯಾವ ವೀರನ ಚಿತ್ರವೂ ಇರಲಿಲ್ಲ. ಬೇವುಲ್ಫ್ ಎಂಬ ವರ್ತಕ ನೌಕೆಯೊಂದು ನೆರವಿಗಾಗಿ ಮೊರೆಯಿಡುವ ಮಾತುಗಳಷ್ಟೇ ಇದ್ದವು. ಆಟದ ಮನೋಧರ್ಮಕ್ಕೆ ಅದಕ್ಕಿಂತ ಒಪ್ಪುವ ಮುಖಚಿತ್ರ ಇನ್ನೊಂದಿರಲಾರದು.

ಹಳಸುವ ಸತ್ಯ

ವಿಜ್ಞಾನದ ವಿವರಗಳಿಗೆ ಇನ್ನೊಂದು ದೌರ್ಬಲ್ಯವಿದೆ, ಅವು ಹಳಸುತ್ತವೆ. ‘ಟ್ರಾವೆಲರ್’ ನೌಕೆಯ ಅತಿ ಸಣ್ಣ ಗಣಕಯಂತ್ರವೇ ಒಂದು ಟನ್ ಜಾಗ ಹಿಡಿಯುತ್ತದೆ. ಅದರಲ್ಲಿ ಏಕಕಾಲಕ್ಕೆ ನಡೆಯುವುದು ಒಂದೆರಡು ಕಾರ್ಯಕ್ರಮ ಮಾತ್ರ. ಗುರಿ ಹಿಡಿಯುವುದೋ, ತಪ್ಪಿಸಿಕೊಳ್ಳುವುದೋ ಎಂದು ಆರಿಸಿಕೊಳ್ಳಬೇಕು. ಜೇಬಿನಲ್ಲಿ ಗಣಕವನ್ನು ಇಟ್ಟುಕೊಂಡು ಓಡಾಡುವ ಇಂದಿನ ಹುಡುಗರಿಗೆ ಇದು ನಗೆಪಾಟಲು. ಆದರೆ ಆ ಕಾಲಕ್ಕೆ ಅದು ಹತ್ತಿರದ ನೆನಪು. 1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುತ್ತಿದ್ದಾಗ, ಗಣಕಕ್ಕೆ ಕೆಲಸದ ಹೊರೆ ಮಿತಿಮೀರಿ 1202 ಎಂಬ ಎಚ್ಚರಿಕೆಯ ಸಂಖ್ಯೆ ಮತ್ತೆ ಮತ್ತೆ ಮೂಡಿತ್ತು. ಮುಂದುವರಿಯಬಹುದೇ ಬಾರದೇ ಎಂಬುದನ್ನು ಭೂಮಿಯ ಮೇಲಿನ ನಿಯಂತ್ರಣ ಕೇಂದ್ರ ಸೆಕೆಂಡುಗಳಲ್ಲಿ ನಿರ್ಧರಿಸಬೇಕಾಯಿತು. ಗಣಕದ ಗಾತ್ರ ಹಳತಾಯಿತು. ಇರುವ ಅಲ್ಪ ಸಾಮರ್ಥ್ಯವನ್ನು ದಾಳಿಗೆ ಬಳಸಬೇಕೋ ರಕ್ಷಣೆಗೆ ಬಳಸಬೇಕೋ ಎಂಬ ತೊಳಲಾಟ ಮಾತ್ರ ಹಳತಾಗಿಲ್ಲ.

ಈ ಜಗಳವೂ ಹೊಸದಲ್ಲ. 1824ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ತನ್ನ ಸೈನ್ಯಕ್ಕೆ ಒಪ್ಪಿಸಿದ ಯುದ್ಧದಾಟದಲ್ಲಿ ನಕ್ಷೆ, ದಾಳ, ನಷ್ಟದ ಕೋಷ್ಟಕಗಳೆಲ್ಲ ಇದ್ದವು. ಅರ್ಧ ಶತಮಾನ ಕಳೆದ ಮೇಲೆ, 1876ರಲ್ಲಿ, ಅದೇ ಸೈನ್ಯದ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿ ಕೋಷ್ಟಕಗಳ ಹೊರೆಯನ್ನೇ ಆಕ್ಷೇಪಿಸಿ, ಯುದ್ಧ ಕಂಡ ಅನುಭವಿಯೊಬ್ಬನು ಮಧ್ಯಸ್ಥನಾಗಿ ಕುಳಿತು ಫಲಿತಾಂಶ ಹೇಳುವುದೇ ಮೇಲೆಂದು ವಾದಿಸಿದನು. ಕೋಷ್ಟಕವನ್ನು ನಂಬಬೇಕೋ, ಬಲ್ಲವನ ವಿವೇಕವನ್ನು ನಂಬಬೇಕೋ? ಅದೇ ಪ್ರಶ್ನೆ ಇಂದು ನಕ್ಷತ್ರಗಳ ನಡುವೆ ಮುಂದುವರಿದಿದೆ. ಆದರೆ ಒಂದು ವ್ಯತ್ಯಾಸವುಂಟು. ವೆರ್ನ್ವಾ ಬಯಸಿದ ಮಧ್ಯಸ್ಥನು ಯುದ್ಧವನ್ನು ಕಣ್ಣಾರೆ ಕಂಡಿದ್ದನು. ವ್ಯೋಮಯುದ್ಧವನ್ನು ಇದುವರೆಗೆ ಕಂಡವರಿಲ್ಲ, ಕಾಣದಿರುವುದೇ ಲೇಸು. ಕೋಷ್ಟಕ ಬರೆದವನೂ ಊಹಿಸಿದವನೇ, ತೀರ್ಪು ಹೇಳುವವನೂ ಊಹಿಸಿದವನೇ.

ಹೀಗಿರುವಲ್ಲಿ ಯಾವ ನಿಯಮವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಒಂದು ಅಳತೆಗೋಲು ಸಾಕು. ಆಟಗಾರನ ಮುಂದೆ ನಿಜವಾದ ಒಂದು ಆಯ್ಕೆಯನ್ನು ಇಡುವ ಸತ್ಯ ಮೇಜಿನ ಮೇಲೆ ಬಾಳುತ್ತದೆ. ಬರಿಯ ಲೆಕ್ಕವನ್ನು ಹೆಚ್ಚಿಸುವ ಸತ್ಯ ಪುಸ್ತಕದಲ್ಲಿಯೇ ಉಳಿಯುತ್ತದೆ. ನಿಲ್ಲಲಾರದ ನೌಕೆ ಆಯ್ಕೆಯನ್ನು ಒಡ್ಡುತ್ತದೆ: ಎಷ್ಟು ವೇಗವಾಗಿ ಹೋಗಬೇಕೆನ್ನುವವನು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಯೋಚಿಸಬೇಕು. ಕೂಡಿಕೊಳ್ಳುವ ಬಿಸಿ ಆಯ್ಕೆಯನ್ನು ಒಡ್ಡುತ್ತದೆ. ತಿಂಗಳ ಕಂತು ಎಲ್ಲಕ್ಕಿಂತ ಕಠಿನವಾದ ಆಯ್ಕೆಯನ್ನು ಒಡ್ಡುತ್ತದೆ. ಅಡಿಕೋಲು ಹಿಡಿದು ಗೆರೆ ಎಳೆಯುತ್ತ ಕುಳಿತ ಹುಡುಗ ಹುಡುಗಿಯರು ಜಡತ್ವದ ನಿಯಮವನ್ನು ಬಾಯಿಪಾಠ ಮಾಡದೆಯೇ ಕಲಿಯುತ್ತಾರೆ. ಅದರೊಡನೆ, ಹಾರಿಸಿದ ಪ್ರತಿಯೊಂದು ಗುಂಡಿಗೂ ಯಾರೋ ಬೆಲೆ ತೆರಬೇಕೆಂಬುದನ್ನೂ ಕಲಿಯುತ್ತಾರೆ. ಎರಡನೆಯ ಪಾಠಕ್ಕೆ ವ್ಯೋಮಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲ.